ಕರೆದ ಮೇಲೆ ಎಲೆ ಹಾಕ್ಬೇಕು

ಊರಲ್ಲಿ ಟೂರ್ನಮೆಂಟ್ ಇಟ್ಕೊಂಡ್ರು ಅಂದ್ರೆ ಮೊದಲ ಫೋನ್ ಬರೋದು ನಮ್ಮಂಥವರಿಗೆ. "ಎಂಜಿನಿಯರಿಂಗ್ ಓದ್ತಿದೀಯಲ್ಲೋ, ಒಂದು ಪೋಸ್ಟರ್ ಮಾಡ್ಕೊಡೋಕಾಗಲ್ವಾ?" ನಾವು ಓದ್ತಿರೋದು ಸಿವಿಲ್ ಆದ್ರೂ ಅಷ್ಟೇ, ಮೆಕ್ಯಾನಿಕಲ್ ಆದ್ರೂ ಅಷ್ಟೇ. ಊರಿನವರ ಲೆಕ್ಕದಲ್ಲಿ ಎಂಜಿನಿಯರಿಂಗ್ ಅಂದ್ರೆ ಕಂಪ್ಯೂಟರ್, ಕಂಪ್ಯೂಟರ್ ಅಂದ್ರೆ ಪೋಸ್ಟರ್! ನಮ್ಮ ಸಂಘದಲ್ಲಿರೋ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗಂತೂ ಇದು ವರ್ಷಾವರ್ಷದ ಕೆಲಸ. ಕಾಲೇಜಿನೊಳಗೂ ಕಥೆ ಬೇರೆ ಇಲ್ಲ. ತಂಡದ ಇನ್‌ಸ್ಟಾಗ್ರಾಮ್ ಪೇಜ್ ನಡೆಸೋದು ಸಾಮಾನ್ಯವಾಗಿ ಆಡೋರಲ್ಲ, ಆಡೋರ ಗೆಳೆಯರು. ಅಂದ್ರೆ ಊರಿನ ತಂಡಕ್ಕಾಗಲಿ, ಕಾಲೇಜಿನ ತಂಡಕ್ಕಾಗಲಿ ಅಡ್ಮಿನ್ ಅಂತ ಇರೋದು ನಾವೇ. ಹಾಗಾಗಿ ಈ ವಿಷಯ ನಾವು ಮಾತಾಡ್ಲೇಬೇಕು.

ಕ್ರೀಡಾ ತಂಡಗಳು ಸೋಷಿಯಲ್ ಮೀಡಿಯಾ ಹೇಗೆ ಬಳಸಬೇಕು ಅಂತ ಕೇಳಿದ್ರೆ ಸಿಗೋ ಉತ್ತರ ಹೆಚ್ಚುಕಮ್ಮಿ ಒಂದೇ: ದಿನಾ ಪೋಸ್ಟ್ ಹಾಕಿ, ರೀಲ್ಸ್ ಮಾಡಿ, ಹ್ಯಾಷ್‌ಟ್ಯಾಗ್ ಹಾಕಿ, ಫಾಲೋವರ್ಸ್ ಜಾಸ್ತಿ ಮಾಡ್ಕೊಳಿ. ಇದೆಲ್ಲ ಸರಿಯೇ. ಆದ್ರೆ ಇದರಲ್ಲಿ ಒಂದು ದೊಡ್ಡ ಮಾತು ಬಿಟ್ಟುಹೋಗಿದೆ ಅನ್ನೋದು ನಮ್ಮ ಅಭಿಪ್ರಾಯ. ತಂಡವೊಂದು ಹಾಕೋ ಪೋಸ್ಟ್ ಅಂದ್ರೆ ಲಗ್ನಪತ್ರಿಕೆ ಇದ್ದಂಗೆ. ಪತ್ರಿಕೆ ಹಂಚಿದವರು ಅಡುಗೆಯ ಲೆಕ್ಕವನ್ನೂ ಹಾಕಿರಬೇಕು. ಎಷ್ಟು ಜನ ಬರ್ತಾರೆ, ಎಲ್ಲಿ ಕೂರ್ತಾರೆ, ಎಷ್ಟು ಪಂಕ್ತಿ ಆಗುತ್ತೆ ಅಂತ ಯೋಚಿಸಿರಬೇಕು. ಕರೆದ ಮೇಲೆ ಎಲೆ ಹಾಕ್ಬೇಕು. ನಾವು ಹೇಳೋಕೆ ಹೊರಟಿರೋದು ಇಷ್ಟೇ.

ಎರಡು ಜೂನ್ 4

ಒಂದು ಪೋಸ್ಟಿಗೆ ಎಷ್ಟು ಶಕ್ತಿ ಇದೆ ಅಂತ ತಿಳಿಯೋಕೆ ಎರಡು ದಿನ ನೆನಪಿಟ್ಕೊಂಡ್ರೆ ಸಾಕು. ಎರಡೂ ಜೂನ್ 4. ಎರಡಕ್ಕೂ ಬೆಂಗಳೂರಿನ ನಂಟಿದೆ.

ಮೊದಲನೆಯದು 2018. ಆಗ ಬೆಂಗಳೂರು ಎಫ್‌ಸಿ ನಾಯಕರಾಗಿದ್ದ ಸುನಿಲ್ ಛೆಟ್ರಿ ಭಾರತ ಫುಟ್‌ಬಾಲ್ ತಂಡಕ್ಕೂ ನಾಯಕರು. ಜೂನ್ 1ರಂದು ಮುಂಬೈನಲ್ಲಿ ಭಾರತ ತಂಡ ಚೈನೀಸ್ ತೈಪೆ ವಿರುದ್ಧ 5-0 ಗೋಲುಗಳಿಂದ ಗೆದ್ದಿತು. ಛೆಟ್ರಿ ಹ್ಯಾಟ್ರಿಕ್ ಹೊಡೆದರು. ನೋಡೋಕೆ ಬಂದಿದ್ದವರು ಎರಡೂವರೆ ಸಾವಿರದಷ್ಟು ಜನ, ಅಷ್ಟೇ. ಮಾರನೇ ದಿನ ಛೆಟ್ರಿ ಮೊಬೈಲ್ ಮುಂದೆ ನಿಂತು ಒಂದು ವಿಡಿಯೊ ಮಾಡಿ ಟ್ವಿಟರ್‌ಗೆ ಹಾಕಿದರು. ಮ್ಯೂಸಿಕ್ ಇಲ್ಲ, ಎಡಿಟಿಂಗ್ ಇಲ್ಲ. ನಮ್ಮನ್ನು ಬೈಯಿರಿ, ಟೀಕೆ ಮಾಡಿ, ಆದರೆ ಮೈದಾನಕ್ಕೆ ಬಂದು ಮಾಡಿ ಅನ್ನೋದು ಅದರ ಸಾರಾಂಶ. ಜೂನ್ 4ರ ಕೀನ್ಯಾ ಪಂದ್ಯಕ್ಕೆ ಟಿಕೆಟ್ ಎಲ್ಲ ಖಾಲಿ. ಅದು ಛೆಟ್ರಿಯ 100ನೇ ಅಂತಾರಾಷ್ಟ್ರೀಯ ಪಂದ್ಯ. ಮಳೆಯಲ್ಲಿ ತುಂಬಿದ ಮೈದಾನದ ಎದುರು ಭಾರತ 3-0 ಗೆದ್ದಿತು.

ಎರಡನೆಯದು 2025. ಅದನ್ನು ನಾವ್ಯಾರೂ ಮರೆತಿಲ್ಲ. ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ 6 ರನ್ನುಗಳಿಂದ ಪಂಜಾಬ್ ಕಿಂಗ್ಸ್ ತಂಡವನ್ನು ಸೋಲಿಸಿ, 18ನೇ ಸೀಸನ್ನಿನಲ್ಲಿ ಮೊದಲ ಸಲ ಐಪಿಎಲ್ ಕಪ್ ಎತ್ತಿತು. 2009, 2011, 2016ರ ಫೈನಲ್‌ಗಳಲ್ಲಿ ಸೋತಿದ್ದ ತಂಡ. ಹಾಸ್ಟೆಲುಗಳಲ್ಲಿ ಆ ರಾತ್ರಿ ಯಾರು ಮಲಗಿದ್ರು ಹೇಳಿ!

ಮಾರನೇ ದಿನ ಏನಾಯ್ತು ಅನ್ನೋದನ್ನು ರಾಜ್ಯ ಸರ್ಕಾರ ಹೈಕೋರ್ಟಿಗೆ ಕೊಟ್ಟ ವರದಿ ಗಂಟೆ ನಿಮಿಷದ ಸಮೇತ ಹೇಳುತ್ತೆ. ಬೆಳಿಗ್ಗೆ 7:01ಕ್ಕೆ ತಂಡದ ಪುಟಗಳಲ್ಲಿ ವಿಜಯೋತ್ಸವದ ಮೆರವಣಿಗೆಗೆ ಬನ್ನಿ ಅನ್ನೋ ಪೋಸ್ಟ್. 8 ಗಂಟೆಗೆ ಇನ್ನೊಂದು. 8:55ಕ್ಕೆ ವಿರಾಟ್ ಕೊಹ್ಲಿ ವಿಡಿಯೊ. ಪಾಸ್ ಬೇಕು, ಅದೂ ಕೆಲವೇ ಇವೆ ಅನ್ನೋ ಮಾತು ಬಂದಿದ್ದು ಮಧ್ಯಾಹ್ನ 3:14ಕ್ಕೆ. ಅಷ್ಟು ಹೊತ್ತಿಗೆ ಜನ ಮೆಟ್ರೋ ಹತ್ತಿ ಬಂದಾಗಿತ್ತು. ಸುಮಾರು 35 ಸಾವಿರ ಜನ ಹಿಡಿಸೋ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ, ಅದೇ ವರದಿಯ ಅಂದಾಜಿನಂತೆ, ಮೂರು ಲಕ್ಷಕ್ಕೂ ಹೆಚ್ಚು ಜನ. ಗೇಟುಗಳ ಬಳಿ ನೂಕುನುಗ್ಗಲಾಗಿ 11 ಮಂದಿ ತೀರಿಕೊಂಡರು. ಐವತ್ತಕ್ಕೂ ಹೆಚ್ಚು ಜನಕ್ಕೆ ಗಾಯ. ಹೋದವರಲ್ಲಿ ಬಹುತೇಕರು ನಮ್ಮ ವಯಸ್ಸಿನ ಆಸುಪಾಸಿನವರು. ಎಂಜಿನಿಯರಿಂಗ್ ಓದ್ತಿದ್ದವರೂ ಇದ್ದರು.

ತಪ್ಪು ಯಾರದು, ಯಾರದು ಎಷ್ಟು ಪಾಲು ಅನ್ನೋದು ಕೋರ್ಟಿನ ವಿಷಯ. ಪೊಲೀಸರು, ಸರ್ಕಾರ, ಆಯೋಜಕರು, ಎಲ್ಲರ ಹೆಸರೂ ಅದರಲ್ಲಿ ಬಂದಿದೆ. ನಾವು ತೀರ್ಪು ಕೊಡೋಕೆ ಹೋಗಲ್ಲ. ಅಡ್ಮಿನ್ ಆಗಿ ನಾವು ಕಲಿಯಬೇಕಾದ ಪಾಠ ಮಾತ್ರ ಹೇಳ್ತೀವಿ. ಛೆಟ್ರಿ ಕರೆದಾಗ ಕುರ್ಚಿಗಳು ಖಾಲಿ ಇದ್ದವು, ಟಿಕೆಟ್ ಲೆಕ್ಕ ಇತ್ತು, ಕುರ್ಚಿ ತುಂಬಿದ ಮೇಲೆ ಕರೆ ತಾನಾಗೇ ನಿಂತಿತು. 2025ರಲ್ಲಿ ಕರೆ ಮೊದಲು ಹೋಯ್ತು, ಲೆಕ್ಕ ಆಮೇಲೆ ಬಂತು. ಒಂದು ತೊಲೆ ಡಿಸೈನ್ ಮಾಡುವಾಗ ಎಷ್ಟು ಭಾರ ಬೀಳುತ್ತೆ ಅಂತ ಮೊದಲು ಲೆಕ್ಕ ಹಾಕಿ, ಅದರ ಮೇಲೆ ಸುರಕ್ಷತೆಗೆ ಅಂತ ಇನ್ನಷ್ಟು ಸೇರಿಸ್ತೀವಿ. ಇಲ್ಲಿ ಬಿದ್ದಿದ್ದು ತಡೆಯೋ ಶಕ್ತಿಯ ಎಂಟು ಪಟ್ಟಿಗೂ ಹೆಚ್ಚು ಭಾರ. ಯಾವ ಕಟ್ಟಡ ನಿಲ್ಲುತ್ತೆ ಹೇಳಿ?

ಆಮೇಲೆ ಆ ಪುಟಗಳು ಹತ್ತಿರ ಹತ್ತಿರ ಮೂರು ತಿಂಗಳು ಸುಮ್ಮನಿದ್ದು, ಆಗಸ್ಟ್ ಕೊನೆಗೆ ಮತ್ತೆ ಮಾತಾಡಿದವು. ಸತ್ತವರ ಕುಟುಂಬಗಳಿಗೆ ತಲಾ 25 ಲಕ್ಷ ರೂಪಾಯಿ ಘೋಷಣೆ ಆಯ್ತು. ಕೊಟ್ಟಿದ್ದು ಸರಿ. ಆದ್ರೆ ನೋವಿನ ದಿನ ಅಭಿಮಾನಿ ಮೊದಲು ಕಾಯೋದು ತಂಡದ ಮಾತಿಗೆ. ಗೆದ್ದಾಗ ಗಂಟೆಗೊಂದು ಪೋಸ್ಟ್ ಹಾಕೋ ಪುಟ ಅಂಥ ಹೊತ್ತಲ್ಲಿ ಅಷ್ಟು ದಿನ ಸುಮ್ಮನಿರಬಾರದಿತ್ತು ಅಂತ ನಮಗನಿಸುತ್ತೆ.

"ನಮ್ಮೂರಿಗೆ ಮೂರು ಲಕ್ಷ ಜನ ಬರ್ತಾರಾ?"

ಈ ಮಾತು ಬರುತ್ತೆ ಅಂತ ಗೊತ್ತು. ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟದಂಥ ಹೋಬಳಿಯಲ್ಲಿ ಒಂದು ಟೆನಿಸ್ ಬಾಲ್ ಟೂರ್ನಮೆಂಟೋ ಹೊನಲು ಬೆಳಕಿನ ಕಬಡ್ಡಿಯೋ ಇಟ್ರೆ ಬರೋದು ಕೆಲವು ನೂರು ಜನ. ಅದಕ್ಕೆ ಇಷ್ಟು ತಲೆ ಕೆಡಿಸ್ಕೋಬೇಕಾ ಅಂತ ಕೇಳಬಹುದು.

ಕೆಡಿಸ್ಕೋಬೇಕು. 2021ರ ಮಾರ್ಚಿನಲ್ಲಿ ತೆಲಂಗಾಣದ ಸೂರ್ಯಪೇಟೆಯಲ್ಲಿ ಜೂನಿಯರ್ ರಾಷ್ಟ್ರೀಯ ಕಬಡ್ಡಿ ಪಂದ್ಯಾವಳಿಗೆ ಅಂತ ಕಟ್ಟಿದ್ದ ತಾತ್ಕಾಲಿಕ ಗ್ಯಾಲರಿ ಕುಸಿದು ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಅಲ್ಲಿ ಲಕ್ಷಾಂತರ ಜನ ಸೇರಿರಲಿಲ್ಲ. ಗ್ಯಾಲರಿ ತಡೆಯೋದಕ್ಕಿಂತ ಹೆಚ್ಚಾದ್ರೆ ಸಾಕು, ಸಾವಿರವೂ ಮೂರು ಲಕ್ಷವೇ. ನಮ್ಮ ಕಡೆ ಮರದ ಹಲಗೆ, ಸರ್ವೇ ಕಂಬ ಕಟ್ಟಿ ಗ್ಯಾಲರಿ ಮಾಡ್ತಾರೆ. ಅದಕ್ಕೆ ಎಷ್ಟು ಜನ ಹತ್ತಬಹುದು ಅಂತ ಕಟ್ಟಿದವರನ್ನು ಕೇಳಿ ಪೋಸ್ಟರಿನಲ್ಲೇ ಹಾಕಿದ್ರೆ ಏನು ನಷ್ಟ? "ಮೊದಲು ಬಂದ 300 ಜನಕ್ಕೆ ಗ್ಯಾಲರಿ, ಉಳಿದವರು ಬದುವಿನ ಕಡೆ ನಿಂತು ನೋಡಬಹುದು" ಅಂತ ಒಂದು ಸಾಲು. ಎಲೆ ಹಾಕೋದು ಅಂದ್ರೆ ಇದೇ. ಗಾಡಿ ನಿಲ್ಲಿಸೋ ಜಾಗ ಎಲ್ಲಿ, ಕುಡಿಯೋ ನೀರು ಎಲ್ಲಿ, ಹೆಣ್ಣುಮಕ್ಕಳಿಗೆ ಕೂರೋಕೆ ಜಾಗ ಯಾವ ಕಡೆ, ತುರುವೇಕೆರೆಗೆ ಕೊನೇ ಬಸ್ಸು ಎಷ್ಟಕ್ಕೆ, ಫೈನಲ್ ಅದಕ್ಕೂ ಮುಂಚೆ ಮುಗಿಯುತ್ತಾ? ನಮ್ಮ ಪೋಸ್ಟರುಗಳಲ್ಲಿ ಅತಿಥಿಗಳ ಫೋಟೋ ಇಪ್ಪತ್ತು ಇರುತ್ತೆ, ಈ ಯಾವ ಮಾಹಿತಿಯೂ ಇರಲ್ಲ.

ಕೊಬ್ಬರಿ ರೇಟು ಕಲಿಸೋ ಪಾಠ

ನಮ್ಮ ಸೀಮೆಯಲ್ಲಿ ಎಲ್ಲರೂ ತಪ್ಪದೇ ತೆಗೆದು ನೋಡೋ ವಾಟ್ಸಾಪ್ ಮೆಸೇಜ್ ಯಾವುದು ಗೊತ್ತಾ? ಗುಡ್ ಮಾರ್ನಿಂಗ್ ಹೂವಿನ ಚಿತ್ರ ಅಲ್ಲ. ತಿಪಟೂರು ಮಾರುಕಟ್ಟೆಯ ಕೊಬ್ಬರಿ ರೇಟು. ಹರಾಜಿನ ದಿನ ತೋಟದಲ್ಲಿದ್ರೂ, ಬಸ್ಸಲ್ಲಿದ್ರೂ, "ಇವತ್ತು ಎಷ್ಟಾಯ್ತಂತೆ?" ಅಂತ ಕೇಳದ ಮನೆ ಇಲ್ಲ. ಆ ಮೆಸೇಜಿಗೆ ಡಿಸೈನ್ ಇಲ್ಲ, ರೀಲ್ಸ್ ಇಲ್ಲ, ಹಿನ್ನೆಲೆ ಸಂಗೀತ ಇಲ್ಲ. ಆದ್ರೂ ಎಲ್ಲರೂ ಓದ್ತಾರೆ. ಯಾಕೆ? ಅದು ಸರಿಯಾಗಿರುತ್ತೆ, ಹೊತ್ತಿಗೆ ಸರಿಯಾಗಿ ಬರುತ್ತೆ, ಓದುವವನಿಗೆ ಬೇಕಾದ್ದನ್ನೇ ಹೇಳುತ್ತೆ. ರೇಟು ಬಿದ್ದ ದಿನವೂ ಬರುತ್ತೆ!

ತಂಡದ ಪುಟವೂ ಹೀಗೇ ಇರಬೇಕು ಅನ್ನೋದು ನಮ್ಮ ವಾದ. ಮ್ಯಾಚ್ ಎಷ್ಟು ಗಂಟೆಗೆ, ಯಾವ ಮೈದಾನ, ಮಳೆ ಬಂದು ಮುಂದಕ್ಕೆ ಹೋಯ್ತಾ, ಸ್ಕೋರ್ ಎಷ್ಟು. ಗೆದ್ದ ದಿನ ಹತ್ತು ಪೋಸ್ಟ್ ಹಾಕಿ ಸೋತ ದಿನ ಪುಟ ಮುಚ್ಚಿಕೊಂಡು ಕೂತ್ರೆ ಜನ ನಂಬೋದು ಬಿಡ್ತಾರೆ. ಸೋತ ದಿನವೂ ಸ್ಕೋರ್ ಹಾಕಿ, ಗೆದ್ದ ತಂಡದ ಹೆಸರು ಹಾಕಿ, ಚೆನ್ನಾಗಿ ಆಡಿದವರ ಹೆಸರು ಹಾಕಿ. ಆರ್‌ಸಿಬಿ ಅಭಿಮಾನಿಗಳು 17 ವರ್ಷ ಕಪ್ ಇಲ್ಲದೇ ತಂಡದ ಜೊತೆ ನಿಂತಿದ್ದು ಗೆಲುವಿನ ಪೋಸ್ಟ್ ನೋಡಿ ಅಲ್ಲ. ಸೋಲನ್ನೂ ತಮ್ಮದೇ ಅಂದ್ಕೊಂಡು, ಅದರ ಮೇಲೇ ಮೀಮ್ ಮಾಡಿ ನಕ್ಕಿದ್ದಕ್ಕೆ.

ನಮ್ಮಲ್ಲಿ ಉಂಡೆ ಕೊಬ್ಬರಿ ಮಾಡೋದು ಗೊತ್ತಲ್ಲ. ಕಾಯಿ ಇಳಿಸಿ ಅಟ್ಟಕ್ಕೆ ಹಾಕಿದ್ರೆ ಒಳಗಿನ ನೀರು ಇಂಗಿ, ತಿರುಳು ಒಣಗಿ, ಅಲುಗಾಡಿಸಿದ್ರೆ ಗಡಗಡ ಅನ್ನೋಕೆ ಹೆಚ್ಚುಕಮ್ಮಿ ಒಂದು ವರ್ಷ ಬೇಕು. ಅವಸರಕ್ಕೆ ಒಡೆದ್ರೆ ಕೊಬ್ಬರಿ ಇರಲ್ಲ. ಅಭಿಮಾನಿಗಳೂ ಹಾಗೇ. ಫಾಲೋವರ್ಸ್ ಅನ್ನು ದುಡ್ಡು ಕೊಟ್ಟು ಒಂದೇ ರಾತ್ರಿಗೆ ತರಬಹುದು, ಬಂದವರು ಮ್ಯಾಚಿಗೆ ಬರಲ್ಲ.

ಯಾರಿಗೋಸ್ಕರ ಲೈವ್?

ಊರಿನ ತಂಡದ ನಿಜವಾದ ಅಭಿಮಾನಿಗಳಲ್ಲಿ ಅರ್ಧ ಜನ ಊರಲ್ಲೇ ಇಲ್ಲ. ಪೀಣ್ಯದ ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟಲ್ಲಿರ್ತಾರೆ, ಬೆಂಗಳೂರಲ್ಲಿ ಕ್ಯಾಬ್ ಓಡಿಸ್ತಿರ್ತಾರೆ, ಇಲ್ಲ ನಮ್ಮ ಹಾಗೆ ಹಾಸ್ಟೆಲಲ್ಲಿ ಇಂಟರ್ನಲ್ಸ್‌ಗೆ ಓದ್ತಾ ಕೂತಿರ್ತಾರೆ. ಲೈವ್ ಮಾಡಬೇಕಾದ್ದು ಇವರಿಗೋಸ್ಕರ. ಇವರಿಗೆ ಡ್ರೋನ್ ಶಾಟ್ ಬೇಡ. ಸ್ಕೋರ್ ಕಾಣಬೇಕು, ಕಾಮೆಂಟರಿ ಕೇಳಬೇಕು.

ಕೆಲಸಕ್ಕೆ ಬರೋ ನಾಲ್ಕು ಮಾತು. ಯೂಟ್ಯೂಬ್ ಚಾನೆಲಿನಲ್ಲಿ ಮೊದಲ ಸಲ ಲೈವ್ ಮಾಡೋ ಸೌಲಭ್ಯ ಶುರುವಾಗೋಕೆ 24 ಗಂಟೆವರೆಗೂ ಹಿಡಿಯಬಹುದು. ಮೊಬೈಲ್ ಆಪಿಂದಲೇ ಲೈವ್ ಹೋಗೋಕೆ ಕನಿಷ್ಠ 50 ಸಬ್‌ಸ್ಕ್ರೈಬರ್ ಇರಬೇಕು. ಟಾಸ್ ಹಾಕಿದ ಮೇಲೆ ಚಾನೆಲ್ ಓಪನ್ ಮಾಡಿದ್ರೆ ಆಗಲ್ಲ, ಹಿಂದಿನ ವಾರವೇ ಮಾಡಿಟ್ಕೊಳಿ. ತೋಟದ ಮಧ್ಯದ ಮೈದಾನದಲ್ಲಿ ನೆಟ್‌ವರ್ಕ್ ಹೇಗಿರುತ್ತೆ ಅಂತ ಗೊತ್ತೇ ಇದೆ. ಒಂದು ದಿನ ಮುಂಚೆ ಅಲ್ಲೇ ನಿಂತು ಅಪ್‌ಲೋಡ್ ಸ್ಪೀಡ್ ನೋಡಿ. ಕಮ್ಮಿ ಇದ್ರೆ ಹೆಚ್‌ಡಿ ಆಸೆ ಬಿಟ್ಟು 480ಪಿಗೆ ಇಳಿಸಿ. ಚಿತ್ರ ಸ್ವಲ್ಪ ಮಸುಕಾದ್ರೂ ಜನ ನೋಡ್ತಾರೆ, ಹತ್ತು ಸೆಕೆಂಡಿಗೊಮ್ಮೆ ನಿಂತ್ರೆ ಎದ್ದುಹೋಗ್ತಾರೆ. ವಿಡಿಯೊ ಆಗೋದೇ ಇಲ್ಲ ಅಂದ್ರೆ ಕ್ರಿಕ್‌ಹೀರೋಸ್‌ನಂಥ ಸ್ಕೋರಿಂಗ್ ಆಪಲ್ಲಿ ಬಾಲ್ ಬಾಲ್‌ಗೂ ಸ್ಕೋರ್ ಹಾಕಿ. ಇದರಿಂದ ಇನ್ನೊಂದು ಲಾಭ ಇದೆ. ನಮ್ಮೂರ ಹುಡುಗ ಯಾವ ಮ್ಯಾಚಲ್ಲಿ ಎಷ್ಟು ಹೊಡೆದ ಅನ್ನೋ ದಾಖಲೆ ಉಳಿಯುತ್ತೆ. ನಾಳೆ ತಾಲ್ಲೂಕು, ಜಿಲ್ಲಾ ತಂಡದ ಆಯ್ಕೆಗೆ ಹೋದಾಗ ಕೈಯಲ್ಲಿ ತೋರಿಸೋಕೆ ಏನಾದ್ರೂ ಇರುತ್ತೆ.

ಇನ್ನು ಕಾಮೆಂಟರಿ. ನಮ್ಮ ಕಡೆ ಮೈಕ್ ಹಿಡಿಯೋರ ಮಾತು ಯಾವ ಟಿವಿಗೂ ಕಮ್ಮಿ ಇಲ್ಲ. "ಚೆಂಡು ತೋಟ ಸೇರ್ಕಂತು ಕಣಣ್ಣ, ಇನ್ನು ಕಾಯಿ ಕೀಳೋ ದಿನವೇ ಸಿಗೋದು" ಅನ್ನೋ ಥರದ ಮಾತಿಗೆ ಯಾವ ರೀಲ್ಸೂ ಸಮ ಅಲ್ಲ. ಆ ಮೈಕಿನ ದನಿಯನ್ನೇ ಲೈವಿಗೆ ಕೊಡಿ. ಸಿನಿಮಾ ಹಾಡು ಹಾಕಿದ್ರೆ ಕಾಪಿರೈಟ್ ಅಂತ ವಿಡಿಯೊ ಮ್ಯೂಟ್ ಆಗುತ್ತೆ. ನಮ್ಮಣ್ಣನ ಮಾತಿಗೆ ಯಾರೂ ಕಾಪಿರೈಟ್ ಹಾಕಲ್ಲ!

ಭಾಷೆ ಅಲಂಕಾರ ಅಲ್ಲ

ಕನ್ನಡ ಸಂಘದವರು ಅಂದ ಮೇಲೆ ಈ ಮಾತು ಹೇಳದೇ ಬಿಡಲ್ಲ. ಬೆಂಗಳೂರು ಬುಲ್ಸ್ ಕಬಡ್ಡಿ ತಂಡದ "ಫುಲ್ ಚಾರ್ಜ್ ಮಾಡಿ" ಜನರ ಬಾಯಿಗೆ ಬಂದಿದ್ದು ಅದು ನಾವು ಮಾತಾಡೋ ಥರವೇ ಇದ್ದದ್ದಕ್ಕೆ. 2024ರ ಮಾರ್ಚಿನಲ್ಲಿ ಆರ್‌ಸಿಬಿ ತನ್ನ ಹೆಸರಿನಲ್ಲಿದ್ದ "ಬ್ಯಾಂಗಲೋರ್" ಬಿಟ್ಟು "ಬೆಂಗಳೂರು" ಅಂತ ಮಾಡ್ಕೊಂಡಾಗ, ರಿಷಬ್ ಶೆಟ್ಟಿ ಕಂಬಳದ ಕೋಣಗಳ ಜೊತೆ ಬಂದ ಪುಟ್ಟ ವಿಡಿಯೊ ಎಲ್ಲರ ಸ್ಟೇಟಸ್ಸಿನಲ್ಲೂ ಇತ್ತು. ಅದೇ ತಿಂಗಳು 17ರಂದು ಮಹಿಳಾ ತಂಡ ಡಬ್ಲ್ಯುಪಿಎಲ್ ಗೆದ್ದಾಗ ಸ್ಮೃತಿ ಮಂಧಾನ "ನಮ್ದೇ" ಅನ್ನೋದನ್ನ "ನಮ್ದು" ಅಂತ ಬದಲಿಸಿ ಹೇಳಿದ್ರು. ಒಂದೇ ಅಕ್ಷರ. ಹದಿನಾರು ವರ್ಷದ ಕಾಯುವಿಕೆ ಅದರಲ್ಲಿ ಮುಗಿದಿತ್ತು. ಕನ್ನಡ ಬಲ್ಲವರಿಗೆ ಮಾತ್ರ ಅದರ ರುಚಿ ಗೊತ್ತಾಗೋದು. ಅದೇ ವರ್ಷ ನವೆಂಬರಿನಲ್ಲಿ ತಂಡ ಹಿಂದಿಯಲ್ಲಿ ಇನ್ನೊಂದು ಖಾತೆ ತೆರೆದಾಗ ಕನ್ನಡಿಗರಿಂದ ಭಾರೀ ವಿರೋಧ ಬಂತು. ಬೇರೆ ಭಾಷೆಯ ಅಭಿಮಾನಿಗಳಿಗೆ ಅವರ ಭಾಷೆಯಲ್ಲಿ ಹೇಳೋದು ತಪ್ಪಲ್ಲ ಅನ್ನೋರು ನಮ್ಮ ಸಂಘದಲ್ಲೇ ಇದ್ದಾರೆ. ಆದ್ರೆ ಮನೆಯವರಿಗೆ ಮೊದಲು ಬಡಿಸದೇ ಹೊರಗಿನವರಿಗೆ ಬಡಿಸಿದ್ರೆ ಮನೆಯವರಿಗೆ ನೋವಾಗೋದು ಸಹಜ.

ನಮ್ಮ ಕಾಲೇಜಿನ ತಂಡಗಳ ಪುಟ ನೋಡಿ. ಮೈದಾನದಲ್ಲಿ ಕೂಗೋದು ಕನ್ನಡದಲ್ಲಿ, ಪೋಸ್ಟ್ ಹಾಕೋದು ಗೂಗಲಿನಿಂದ ತೆಗೆದ ಇಂಗ್ಲಿಷ್ ಸಾಲಿನಲ್ಲಿ. ಊರಲ್ಲಿರೋ ಅಮ್ಮ ಮಗಳ ವಾಲಿಬಾಲ್ ಫೋಟೋ ನೋಡಿ ಕೆಳಗೆ ಏನು ಬರೆದಿದೆ ಅಂತ ಓದೋಕೆ ಆಗಬೇಡ್ವಾ?

ಹಾಕಬಾರದ್ದು

ಏನು ಹಾಕಬೇಕು ಅನ್ನೋದರಷ್ಟೇ ಏನು ಹಾಕಬಾರದು ಅನ್ನೋದೂ ಮುಖ್ಯ. ಎದುರು ತಂಡದ ಆಟವನ್ನು ಗೇಲಿ ಮಾಡಿ, ಊರು, ಜಾತಿ, ಮನೆಮಾತು ಎಳೆದು ತರಬೇಡಿ. ಟ್ರೋಲ್ ಮಾಡಿದವರು ಹಾಸ್ಟೆಲಲ್ಲಿ ಆರಾಮಾಗಿರ್ತಾರೆ, ಅದರ ಜಗಳ ಸಂತೆಯಲ್ಲಿ ಎದುರುಬದುರು ಸಿಗೋರ ನಡುವೆ ಆಗುತ್ತೆ. ಹೆಣ್ಣುಮಕ್ಕಳ ತಂಡದ ಫೋಟೋ ಹಾಕೋ ಮುಂಚೆ ಅವರನ್ನು ಕೇಳಿ. ಕೆಳಗೆ ಬರೋ ಹೊಲಸು ಕಾಮೆಂಟ್ ತೆಗೆಯೋದು ಅಡ್ಮಿನ್ ಕೆಲಸ, ಆಡೋರ ಕೆಲಸ ಅಲ್ಲ. ಒಂದು ಕೆಟ್ಟ ಕಾಮೆಂಟ್ ಮನೆಯವರ ಕಣ್ಣಿಗೆ ಬಿದ್ದು ಆಟವೇ ಬೇಡ ಅಂತ ಆಗೋದು ನಮ್ಮ ಊರುಗಳಲ್ಲಿ ಹೊಸದಲ್ಲ.

ಮೂರನೆಯದು ದುಡ್ಡು. ಊರಿನ ಹಾರ್ಡ್‌ವೇರ್ ಅಂಗಡಿ, ಕೊಬ್ಬರಿ ಮಂಡಿ, ಬೇಕರಿಯವರು ಜರ್ಸಿಗೆ, ಟ್ರೋಫಿಗೆ ದುಡ್ಡು ಕೊಟ್ರೆ ಅವರ ಹೆಸರು ದೊಡ್ಡದಾಗೇ ಹಾಕಿ. ಆದ್ರೆ ಪುಟಕ್ಕೆ ಸ್ವಲ್ಪ ಫಾಲೋವರ್ಸ್ ಬಂದ ತಕ್ಷಣ ಬೆಟ್ಟಿಂಗ್ ಆಪಿನವರು ಮೆಸೇಜ್ ಮಾಡ್ತಾರೆ. ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನು ನಿಷೇಧಿಸೋ ಕೇಂದ್ರದ ಕಾನೂನು 2025ರ ಆಗಸ್ಟಿನಲ್ಲಿ ಸಂಸತ್ತಿನಲ್ಲಿ ಪಾಸಾಗಿದೆ. ಅಂಥದ್ದಕ್ಕೆ ಜಾಹೀರಾತು ಕೊಟ್ಟವರಿಗೂ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಅಂತ ಅದರಲ್ಲಿದೆ. ಕಾನೂನು ಬಿಡಿ, ನಮ್ಮನ್ನು ನಂಬಿ ಪುಟ ನೋಡೋ ಹುಡುಗರನ್ನು ಆ ಬಾವಿಗೆ ತಳ್ಳೋದು ಯಾವ ಆಟ?

ಒಳ್ಳೇದಕ್ಕೂ ಈ ಪುಟಗಳು ಆಗುತ್ತವೆ ಅನ್ನೋಕೆ ಒಂದು ಉದಾಹರಣೆ ಇದೆ. 2019ರಲ್ಲಿ ಇಟಲಿಯ ಎಎಸ್ ರೋಮಾ ಫುಟ್‌ಬಾಲ್ ಕ್ಲಬ್ ಹೊಸ ಆಟಗಾರರನ್ನು ಪರಿಚಯಿಸೋ ವಿಡಿಯೊಗಳಲ್ಲಿ ಕಾಣೆಯಾದ ಮಕ್ಕಳ ಫೋಟೋಗಳನ್ನೂ ಹಾಕಿತು. ಎಲ್ಲರೂ ನೋಡೇ ನೋಡ್ತಾರೆ ಅನ್ನೋ ವಿಡಿಯೊ ಅದು. ಆ ಮಕ್ಕಳಲ್ಲಿ ಕೆಲವರು ಆಮೇಲೆ ಪತ್ತೆಯಾದರು. ನಮ್ಮ ಪುಟ ಅಷ್ಟು ದೊಡ್ಡದಲ್ಲ ನಿಜ. ಆದ್ರೆ ರಕ್ತ ಬೇಕು ಅನ್ನೋ ಮೆಸೇಜೋ, ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವಿನ ಸುದ್ದಿಯೋ ಹೋಬಳಿಗೆಲ್ಲ ಮುಟ್ಟಿಸೋಕೆ ಐನೂರು ಜನ ನಂಬೋ ಪುಟ ಸಾಕು. ಒಂದೇ ಷರತ್ತು: ಹಾಕೋ ಮುಂಚೆ ಫೋನ್ ಮಾಡಿ ನಿಜಾನಾ ಅಂತ ವಿಚಾರಿಸ್ಕೊಳಿ.

ನಾವು ಏನು ಮಾಡ್ತೀವಿ

ಬರೀ ಬುದ್ಧಿ ಹೇಳಿ ಹೋಗೋದು ಸರಿಯಲ್ಲ. ಈ ಸೆಮಿಸ್ಟರಿನಿಂದ ಕಾಲೇಜಿನ ಯಾವ ತಂಡ ಕೇಳಿದ್ರೂ, ಹುಡುಗರದ್ದಾಗಲಿ ಹುಡುಗಿಯರದ್ದಾಗಲಿ, ಪೋಸ್ಟುಗಳನ್ನು ಕನ್ನಡದಲ್ಲಿ ಬರೆದುಕೊಡೋಕೆ ಸಂಘದಿಂದ ಇಬ್ಬರು ಸಿಗ್ತಾರೆ. ಊರಿನ ಟೂರ್ನಮೆಂಟಿಗೆ ಪೋಸ್ಟರ್ ಮಾಡೋರಿಗೆ ಒಂದು ಮಾದರಿ ಮಾಡಿ ಹಂಚ್ತೀವಿ. ಅದರಲ್ಲಿ ಗಂಟೆ, ಜಾಗ, ಎಷ್ಟು ಜನಕ್ಕೆ ಜಾಗ ಇದೆ, ನೀರು, ಪಾರ್ಕಿಂಗ್, ಕೊನೇ ಬಸ್ಸು, ಪ್ರಥಮ ಚಿಕಿತ್ಸೆ, ವಿಚಾರಿಸೋಕೆ ಒಂದು ಫೋನ್ ನಂಬರ್, ಇವಕ್ಕೆ ಮೇಲೆ ಜಾಗ. ಅತಿಥಿಗಳ ಫೋಟೋಗೆ ಕೆಳಗೆ.

ಬೇಡ ಅನ್ನೋರೂ ಇರ್ತಾರೆ. "ಅತಿಥಿಗಳ ಫೋಟೋ ಚಿಕ್ಕದಾದ್ರೆ ಟ್ರೋಫಿ ಯಾರು ಕೊಡಿಸ್ತಾರೆ?" ಅಂತ ಕೇಳ್ತಾರೆ. ಆ ಮಾತಲ್ಲೂ ಹುರುಳಿದೆ, ದುಡ್ಡಿಲ್ಲದೇ ಟೂರ್ನಮೆಂಟ್ ಆಗಲ್ಲ. ಎರಡು ಪೋಸ್ಟರ್ ಮಾಡಿ ಸ್ವಾಮಿ, ಒಂದು ಅತಿಥಿಗಳಿಗೆ, ಒಂದು ನೋಡೋಕೆ ಬರೋರಿಗೆ. ಎರಡನೆಯದನ್ನು ಮರೀಬೇಡಿ, ಅಷ್ಟೇ ನಮ್ಮ ಕೋರಿಕೆ. ಮೈದಾನಕ್ಕೆ ಬಂದವರು ಚೆನ್ನಾಗಿ ಆಟ ನೋಡಿ, ನೆಟ್ಟಗೆ ಮನೆ ಸೇರಿ, ಮುಂದಿನ ವರ್ಷವೂ ಬಂದ್ರೆ ತಂಡಕ್ಕೆ ಅದಕ್ಕಿಂತ ದೊಡ್ಡ ಲೈಕ್ ಇನ್ನೇನು ಬೇಕು?